ಒಂದೇ ಕನೆಕ್ಷನ್ನು, 34, 94, 207: ಇದ್ರಲ್ಲಿ ಯಾವ್ದನ್ನ ನಂಬೋದು?

ನಮ್ಮನೇಲಿರೋದು 200 ಎಂಬಿಪಿಎಸ್ ಫೈಬರ್ ಪ್ಲಾನು. ಹೋದ ತಿಂಗಳು ಒಂದ್ ಭಾನುವಾರ ಭಾವ ಬಂದಿದ್ರು, ಹಾಲಲ್ಲಿ ಕೂತು ಮಗಳ ಜೊತೆ ವಿಡಿಯೋ ಕಾಲಲ್ಲಿ ಮಾತಾಡ್ತಿದ್ರೆ ಎರಡು ನಿಮಿಷಕ್ಕೊಂದ್ ಸಲ ಮುಖ ಫ್ರೀಝ್ ಆಗ್ತಿತ್ತು. ಸಿಟ್ಟು ಬಂದು ಸ್ಪೀಡ್ ಟೆಸ್ಟ್ ಮಾಡಿದ್ರು, 34 ಬಂತು. ನಾನು ರೂಮಲ್ಲಿ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಕೊಂಡು ಮಾಡಿದ್ರೆ 94. ನೆಟ್‌ನವ್ರಿಗೆ ಫೋನ್ ಮಾಡಿದ್ವಿ, ಒಬ್ಬ ಹುಡುಗ ಬಂದ, ರೌಟರ್ ಪಕ್ಕಾನೇ ನಿಂತ್ಕೊಂಡು ತನ್ನ ಫೋನಲ್ಲಿ ಟೆಸ್ಟ್ ಮಾಡಿ 207 ತೋರ್ಸಿ "ಸಾರ್ ನಮ್ ಕಡೆಯಿಂದ ಫುಲ್ ಬರ್ತಿದೆ, ನಿಮ್ ಡಿವೈಸಲ್ಲೇ ಪ್ರಾಬ್ಲಮ್ಮು" ಅಂದ್ಬಿಟ್ಟು ಬೈಕ್ ಹತ್ತಿ ಹೊರಟೇಬಿಟ್ಟ. ಭಾವ ಅಂದ್ರು, ಈ ಸ್ಪೀಡ್ ಟೆಸ್ಟ್ ಅನ್ನೋದೇ ದೊಡ್ಡ ಬೋಗಸ್ಸು, ಬಾಯಿಗೆ ಬಂದ ನಂಬರ್ ತೋರ್ಸತ್ತೆ ಅಂತ.

ಬೋಗಸ್ ಅಲ್ಲ. ಆ ಮೂರು ನಂಬರೂ ನಿಜಾನೇ ಹೇಳ್ತಿದ್ವು, ಆದ್ರೆ ಮೂರೂ ಬೇರೆ ಬೇರೆ ಜಾಗದ ಬಗ್ಗೆ ಹೇಳ್ತಿದ್ವು. ನಾವು "ನೆಟ್ ಸ್ಪೀಡು" ಅಂತ ಒಂದೇ ಸಾಮಾನು ಎಲ್ಲೋ ಇದೆ, ಅದನ್ನ ತಕ್ಕಡಿಲಿಟ್ಟು ತೂಗ್ತಿದೀವಿ ಅನ್ಕೋತೀವಿ. ಟೆಸ್ಟ್ ಮಾಡೋ ಕೆಲಸ ಅದಲ್ಲ. ಅದು ಎಲ್ಲೋ ಇರೋ ಒಂದು ಸರ್ವರಿಂದ ನಿಮ್ಮ ಫೋನಿಗೆ ಹತ್ತು ಹದಿನೈದು ಸೆಕೆಂಡು ಕೆಲಸಕ್ಕೆ ಬಾರದ ಡೇಟಾನ ಸುರೀತಾ ಹೋಗಿ, ಆ ಹೊತ್ತಲ್ಲಿ ಎಷ್ಟು ಬಂತು ಅಂತ ಲೆಕ್ಕ ಹಾಕತ್ತೆ, ಅಷ್ಟೆ. ದಾರಿ ಉದ್ದ: ಸರ್ವರು, ಅಲ್ಲಿಂದ ಬೇರೆ ಬೇರೆ ಕಂಪನಿ ನೆಟ್‌ವರ್ಕು, ನಿಮ್ಮ ನೆಟ್‌ನವ್ರ ಆಫೀಸು, ಬೀದಿ ಫೈಬರು, ಮನೆ ಗೋಡೆ ಮೇಲಿರೋ ಫೈಬರ್ ಡಬ್ಬಿ, ರೌಟರು, ಕೇಬಲ್ಲೋ ವೈಫೈಯೋ, ಕೊನೆಗೆ ಫೋನು. ಟ್ಯಾಂಕ್ ಎಷ್ಟೇ ದೊಡ್ಡದಿರ್ಲಿ, ಮಧ್ಯ ಎಲ್ಲೋ ಒಂದ್ ಕಡೆ ಅರ್ಧ ಇಂಚಿನ ಪೈಪ್ ಹಾಕಿದ್ರೆ ನಲ್ಲೀಲಿ ಬರೋದು ಅರ್ಧ ಇಂಚಿನ ನೀರೇ. ಟೆಸ್ಟ್ ತೋರ್ಸೋದು ಆ ಕ್ಷಣಕ್ಕೆ ಆ ದಾರೀಲಿ ಎಲ್ಲಕ್ಕಿಂತ ಸಣ್ಣಗಿರೋ ಪೈಪಿನ ಅಳತೆ. ಹಾಗಾಗಿ ನಂಬರ್ ಬೇರೆ ಬೇರೆ ಬಂದ್ರೆ ತಲೆ ಕೆಡಿಸ್ಕೊಳ್ಳೋ ಬದ್ಲು ಖುಷಿ ಪಡ್ಬೇಕು, ಯಾಕಂದ್ರೆ ಯಾವ ಪೈಪ್ ಸಣ್ಣದು ಅಂತ ಹುಡುಕೋಕೆ ಸುಳಿವು ಸಿಗೋದು ಆ ವ್ಯತ್ಯಾಸದಲ್ಲೇ.

ಮೊದ್ಲು ಒಂದ್ ಸಣ್ಣ ವಿಷ್ಯ ಮುಗಿಸ್ಬಿಡ್ತೀನಿ, ಎಷ್ಟೋ ಜಗಳ ಇದ್ರಲ್ಲೇ ಶುರುವಾಗತ್ತೆ. ಪ್ಲಾನಲ್ಲಿ ಹೇಳೋ ಎಂಬಿಪಿಎಸ್ಸು ಮೆಗಾಬಿಟ್ ಲೆಕ್ಕ, ಡೌನ್‌ಲೋಡ್ ಆಗೋವಾಗ ಕಂಪ್ಯೂಟರ್ ತೋರ್ಸೋದು ಸಾಮಾನ್ಯವಾಗಿ ಮೆಗಾಬೈಟ್ ಲೆಕ್ಕ, 8 ಬಿಟ್‌ಗೆ 1 ಬೈಟು. 200 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 25 ಮೆಗಾಬೈಟ್. "200 ಕೊಡ್ತೀನಿ ಅಂದು 25 ಕೊಡ್ತಿದಾನೆ" ಅಂತ ಬೈಯೋ ಮುಂಚೆ ಇದನ್ನೊಂದ್ಸಲ ನೋಡ್ಕೊಳಿ.

ಈಗ ನನ್ನ 94ಕ್ಕೆ ಬರ್ತೀನಿ. ಇದು ನಂಗೆ ತುಂಬಾ ಇಷ್ಟವಾದ ನಂಬರು, ಯಾಕಂದ್ರೆ ಇದು ಹೆಚ್ಚುಕಮ್ಮಿ ಸಹಿ ಹಾಕಿ ಕೊಟ್ಟ ಹಾಗೆ. ಕೇಬಲಲ್ಲಿ ಎಷ್ಟು ಸಲ ಟೆಸ್ಟ್ ಮಾಡಿದ್ರೂ 93, 94, 95 ಹೀಗೇ ಬರ್ತಿದ್ಯಾ, ಮೇಲಕ್ಕೂ ಹೋಗಲ್ಲ ಕೆಳಗೂ ಇಳಿಯಲ್ಲ ಅಂತ ಅಂಟ್ಕೊಂಡು ಕೂತಿದ್ಯಾ, ಹಾಗಾದ್ರೆ ದಾರೀಲಿ ಎಲ್ಲೋ ಒಂದ್ ಕಡೆ 100 ಎಂಬಿಪಿಎಸ್‌ನ ಈಥರ್ನೆಟ್ (ನೆಟ್ ಕೇಬಲಿನ) ಲಿಂಕ್ ಇದೆ ಅಂತಾನೇ ಅರ್ಥ. 100 ಅಂದ್ರೆ 100 ಯಾಕ್ ಬರಲ್ಲ ಅಂದ್ರೆ, ಡೇಟಾ ಹೋಗೋದು ಪ್ಯಾಕೆಟ್ಟು ಪ್ಯಾಕೆಟ್ಟಾಗಿ, ಪ್ರತಿ ಪ್ಯಾಕೆಟ್ಟಿಗೂ ವಿಳಾಸ, ಲೇಬಲ್ಲು, ಮಧ್ಯ ಬಿಡೋ ಗ್ಯಾಪು ಎಲ್ಲ ಸೇರಿ ವೈರ್ ಮೇಲೆ 1538 ಬೈಟಿನಷ್ಟು ಜಾಗ ಹಿಡಿಯತ್ತೆ, ಅದ್ರಲ್ಲಿ ನಿಜವಾದ ಸರಕು ಇರೋದು 1448ರಿಂದ 1460 ಬೈಟು. ಭಾಗಿಸಿ ನೋಡಿ, 94 ಚಿಲ್ಲರೆ ಪರ್ಸೆಂಟು. ಹಾಗೇ ಗಿಗಾಬಿಟ್ ಲಿಂಕಲ್ಲಿ 940 ಹತ್ರ ಬಂದು ನಿಲ್ಲತ್ತೆ.

ಆದ್ರೆ ನನ್ನ ಲ್ಯಾಪ್‌ಟಾಪಲ್ಲಿ ಗಿಗಾಬಿಟ್ ಪೋರ್ಟ್ ಇದೆ, ರೌಟರಲ್ಲೂ ಇದೆ, ಮತ್ತೆ 100 ಎಲ್ಲಿಂದ ಬಂತು? ಕೇಬಲ್ಲಿಂದ. ಈಥರ್ನೆಟ್ ಕೇಬಲ್ ಒಳಗೆ ಎಂಟು ತಂತಿ, ನಾಲ್ಕು ಜೊತೆ ಇರತ್ತೆ. 100 ಎಂಬಿಪಿಎಸ್‌ಗೆ ಎರಡು ಜೊತೆ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೊತೆ ಬೇಕೇಬೇಕು. ಆ ಇನ್ನೆರಡು ಜೊತೇಲಿ ಒಂದೇ ಒಂದು ತಂತಿ ಕಟ್ ಆದ್ರೂ, ಕ್ರಿಂಪ್ (ತುದಿಯ ಪಿನ್ನಿಗೆ ತಂತಿ ಒತ್ತಿರೋ ಜಾಗ) ಸಡಿಲ ಆದ್ರೂ, ಸಾಮಾನ್ಯವಾಗಿ ಲ್ಯಾಪ್‌ಟಾಪು ರೌಟರು ಎರಡೂ ಕಡೆಯವ್ರು ಒಳಗೊಳಗೇ ಮಾತಾಡ್ಕೊಂಡು 100ಕ್ಕೆ ಇಳಿದುಬಿಡ್ತಾರೆ, ನಿಮಗೆ ಒಂದು ಎರರ್ ಕೂಡ ಬರಲ್ಲ, ನೆಟ್ ಆರಾಮಾಗಿ ನಡೀತಿರತ್ತೆ. ನನ್ನ ಕೇಬಲ್ ಬಾಗಿಲ ಸಂದೀಲಿ ಹಾದು ಬರ್ತಿತ್ತು, ಬಾಗಿಲು ಹಾಕಿ ಹಾಕಿ ಅಲ್ಲಿ ಚಪ್ಪಟೆ ಆಗಿತ್ತು. ವಿಂಡೋಸಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸಿಗೆ ಹೋಗಿ ಈಥರ್ನೆಟ್ ಒತ್ತಿದ್ರೆ ಲಿಂಕ್ ಸ್ಪೀಡ್ ಅಂತ ಒಂದು ಸಾಲಿರತ್ತೆ, ಅಲ್ಲಿ 1000 ಇರ್ಬೇಕಾದ ಕಡೆ 100 ಇತ್ತು. ಬೇರೆ ಕೇಬಲ್ ಹಾಕಿದ ಮರುಕ್ಷಣ 206.

ಕೇಬಲ್ ಬದ್ಲಾಯಿಸಿದ್ರೂ 94ರಲ್ಲೇ ನಿಂತ್ರೆ ರೌಟರ್ ಪೋರ್ಟೇ 100ರದ್ದು ಇರ್ಬೋದು. ಡಬ್ಬದ ಮೇಲೆ ದೊಡ್ಡದಾಗಿ 1200 ಅಂತ ಬರ್ದಿರ್ತಾರೆ, ಅದು ವೈಫೈದು, ಅದೂ ವೈಫೈಯ ಎರಡು ಬ್ಯಾಂಡಿನ (ರೇಡಿಯೋ ಅಲೆಯ ಪಟ್ಟಿ) ಲೆಕ್ಕ, 2.4 ಗಿಗಾಹರ್ಟ್ಸಿನ 300, 5 ಗಿಗಾಹರ್ಟ್ಸಿನ 867 ಎರಡನ್ನೂ ಕೂಡಿಸಿ ಮೇಲಕ್ಕೆ ಹತ್ತಿಸಿದ್ದು. ಹಿಂದ್ಗಡೆ ಪೋರ್ಟು ನೋಡಿದ್ರೆ 10/100, ಅಂದ್ರೆ ಹೆಚ್ಚೆಂದ್ರೆ 100! ಇಂಥ ರೌಟರ್ ತಗೊಂಡು 200ರ ಪ್ಲಾನ್ ಹಾಕ್ಸಿದ್ರೆ ದುಡ್ಡು ನೀರಿಗೆ ಹಾಕಿದ ಹಾಗೆ. ಫೈಬರ್ ಡಬ್ಬಿ ಬೇರೆ, ರೌಟರ್ ಬೇರೆ ಇರೋ ಮನೆಗಳಲ್ಲಿ ಅವೆರಡರ ಮಧ್ಯದ ಗೇಣುದ್ದದ ಕೇಬಲ್ಲೂ ಇದೇ ಥರ ಕೈಕೊಡತ್ತೆ, ಆಗ ಇಡೀ ಮನೆಗೇ 94. ನಮ್ಮನೇಲಿ ಹಾಗಾಗಿಲ್ಲ ಅಂತ ಹೇಗ್ ಗೊತ್ತಾಯ್ತು ಅಂದ್ರೆ, ಆ ಹುಡುಗನ ಫೋನಲ್ಲಿ 207 ಬಂತಲ್ಲ, ಅಂದ್ರೆ ಬೀದಿಯಿಂದ ರೌಟರ್ ತನಕ ದಾರಿ ಸರಿ ಇದೆ, ಗಂಟಿರೋದು ರೌಟರಿಂದ ಈಚೆ. ಅವನು ಹೇಳಿದ್ದು ಸುಳ್ಳಲ್ಲ, ಅರ್ಧ ಹೇಳಿ ಹೋದ ಅಷ್ಟೆ. ಪ್ಲಾನ್ 200 ಇದ್ದು 207 ಹೇಗ್ ಬಂತು ಅಂತ ಕೇಳಿದ್ರೆ, ಎಷ್ಟೋ ಕಂಪನಿಯವ್ರು ಮಿತೀನ ಒಂಚೂರು ಮೇಲೇ ಇಟ್ಟಿರ್ತಾರೆ, ಟೆಸ್ಟಲ್ಲಿ ಕಮ್ಮಿ ಬಂತು ಅಂತ ಫೋನ್ ಬರೋದು ಬೇಡ ಅಂತ.

ಇನ್ನು ಭಾವನ 34. ಇದು ವೈಫೈ ಕಥೆ, ಮತ್ತೆ ಟೆಸ್ಟಿಂದ ಟೆಸ್ಟಿಗೆ ನಂಬರ್ ಕುಣಿಯೋದು ಜಾಸ್ತಿ ಇಲ್ಲೇ. ಕೇಬಲಲ್ಲಿ ಕಳ್ಸೋದು, ತಗೊಳ್ಳೋದು ಎರಡೂ ಒಟ್ಟಿಗೇ ನಡೆಯತ್ತೆ, ವೈಫೈಯಲ್ಲಿ ಹಾಗಿಲ್ಲ. ಒಂದು ಸಭೆ, ಒಂದೇ ಮೈಕು ಅನ್ಕೊಳಿ. ಒಬ್ರು ಮಾತಾಡೋವಾಗ ಉಳಿದವ್ರು ಸುಮ್ನಿರ್ಬೇಕು, ಮುಗಿದ್ಮೇಲೆ ಸ್ವಲ್ಪ ಹೊತ್ತು ಕಾದು, ಬೇರೆ ಯಾರೂ ಎದ್ದಿಲ್ಲ ಅಂತ ನೋಡ್ಕೊಂಡು ಆಮೇಲೆ ಮೈಕ್ ಹಿಡೀಬೇಕು. ರೌಟರೂ ಅದೇ ಮೈಕಲ್ಲೇ ಮಾತಾಡೋದು. ಹಾಗಾಗಿ ಫೋನಲ್ಲಿ "ಲಿಂಕ್ ಸ್ಪೀಡ್ 72" ಅಂತ ತೋರ್ಸಿದ್ರೆ ನಿಜವಾಗಿ ಕೈಗೆ ಸಿಗೋದು ಅರ್ಧ, ಅಬ್ಬಬ್ಬಾ ಅಂದ್ರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 72 ಅನ್ನೋದು 2.4 ಗಿಗಾಹರ್ಟ್ಸಲ್ಲಿ, ಹಳೇ ವೈಫೈ 4ರ ಮಾಮೂಲಿ ಅಗಲದ ಚಾನೆಲಲ್ಲಿ, ಒಂದು ಆಂಟೆನಾ ಲೆಕ್ಕದ ಮಿತಿ, ಎರಡು ಆಂಟೆನಾ ಕೆಲಸ ಮಾಡಿದ್ರೆ 144. ಅಲ್ಲಿಗೆ ಭಾವನ 34 ಎಲ್ಲಿಂದ ಬಂತು ಅಂತ ಅಂದಾಜಾಯ್ತಲ್ಲ.

ಮತ್ತೆ ಆ ಮೈಕ್ ನಿಮ್ಮನೇದ್ದು ಮಾತ್ರ ಅಲ್ಲ. 2.4 ಗಿಗಾಹರ್ಟ್ಸಲ್ಲಿ ನಮ್ಮಲ್ಲಿ 13 ಚಾನೆಲ್ ಇದೆ ಅಂತಾರೆ, ಆದ್ರೆ ಪಕ್ಕಪಕ್ಕದ್ದು ಒಂದ್ರ ಮೇಲೊಂದು ಬೀಳತ್ತೆ, ಒಂದಕ್ಕೊಂದು ತಾಗ್ದೇ ಇರೋದು 1, 6, 11 ಮೂರೇ. ಒಂದು ಅಪಾರ್ಟ್‌ಮೆಂಟಲ್ಲಿ ಫೋನ್ ತೆಗೆದ್ರೆ ಇಪ್ಪತ್ತು ವೈಫೈ ಹೆಸರು ಕಾಣತ್ತೆ, ಅಷ್ಟೂ ಜನ ಮೂರು ಮೈಕಿಗೆ ಸಾಲು ನಿಂತಿದಾರೆ. ಮೇಲ್ಮನೆಯವ್ರು ಸಿನಿಮಾ ಹಾಕಿದ್ರೆ ನಿಮ್ಮ ಟೆಸ್ಟು 45ರಿಂದ 18ಕ್ಕೆ ಇಳಿಯತ್ತೆ, ಅವ್ರು ಪಾಝ್ ಒತ್ತಿದ್ರೆ ಮತ್ತೆ ಹತ್ತತ್ತೆ. ಮೈಕ್ರೋವೇವ್ ಓವನ್ ಕೂಡ 2.45 ಗಿಗಾಹರ್ಟ್ಸಲ್ಲೇ ಕೆಲಸ ಮಾಡೋದು, ಅನ್ನ ಬಿಸಿಮಾಡೋ ಎರಡು ನಿಮಿಷ ಅಡುಗೆಮನೆ ಪಕ್ಕ ಟೆಸ್ಟ್ ಮಾಡಿದ್ರೆ ನಂಬರು ಪಾತಾಳಕ್ಕೆ ಹೋಗ್ಬೋದು.

5 ಗಿಗಾಹರ್ಟ್ಸಲ್ಲಿ ಜಾಗ ಜಾಸ್ತಿ, ಎರಡು ಆಂಟೆನಾ ಇರೋ ಫೋನಿಗೆ 866 ಲಿಂಕ್ ಸಿಗತ್ತೆ, 200ರ ಪ್ಲಾನ್ ಆರಾಮಾಗಿ ಪೂರ್ತಿ ಬರತ್ತೆ, ಆದ್ರೆ ಗೋಡೆ ಅಂದ್ರೆ ಇದಕ್ಕಾಗಲ್ಲ. ಆರ್‌ಸಿಸಿ ಗೋಡೆ, ಸ್ಟೀಲ್ ಬೀರು, ದೊಡ್ಡ ಕನ್ನಡಿ, ಇವೆಲ್ಲ ಅಡ್ಡ ಬಂದ್ರೆ ಎರಡನೇ ರೂಮಿಗೆ ಹೋಗೋಷ್ಟರಲ್ಲಿ ಸುಸ್ತು. ನಮ್ಮ ರೌಟರನ್ನ ಟಿವಿ ಹಿಂದೆ ಶೋಕೇಸ್ ಒಳಗೆ ಇಟ್ಟಿದ್ವಿ, ಚೆನ್ನಾಗ್ ಕಾಣ್ಲಿ ಅಂತ!

ಎರಡು ಬ್ಯಾಂಡಿಗೂ ಒಂದೇ ಹೆಸರಿಟ್ಟಿರ್ತಾರಲ್ಲ, ಅದೇ ದೊಡ್ಡ ಗೊಂದಲ. ಯಾವ ಬ್ಯಾಂಡ್ ಹಿಡೀಬೇಕು ಅಂತ ಕೊನೆಗೆ ತೀರ್ಮಾನ ಮಾಡೋದು ಫೋನು, ಅದೂ ಸೋಮಾರಿ, ಒಂದ್ಸಲ ಹಿಡಿದಿದ್ದನ್ನ ಬೇಗ ಬಿಡಲ್ಲ. ಭಾವ ಗೇಟ್ ಹತ್ರ ಬರೋವಾಗ್ಲೇ ಅವ್ರ ಫೋನು ದೂರದಿಂದ 2.4ನ್ನ ಹಿಡ್ಕೊಂಡಿತ್ತು, ಹಾಲಿಗೆ ಬಂದು ಸೋಫಾದಲ್ಲಿ ಕೂತ್ಮೇಲೂ ಅದನ್ನೇ ಹಿಡ್ಕೊಂಡು ಕೂತಿತ್ತು. ವೈಫೈ ಆಫ್ ಮಾಡಿ ಆನ್ ಮಾಡಿದ್ರೆ 5ಕ್ಕೆ ಬಂತು, ಅದೇ ಸೋಫಾ, ಅದೇ ಫೋನು, 34 ಇದ್ದದ್ದು 180. ಒಂದೇ ಜಾಗದಲ್ಲಿ ಒಂದ್ಸಲ ಮೂವತ್ತು ಒಂದ್ಸಲ ನೂರೆಂಬತ್ತು ಬರ್ತಿದ್ರೆ ಮೊದ್ಲು ಅನುಮಾನ ಪಡ್ಬೇಕಾಗಿರೋದು ಇದನ್ನ. ರೌಟರ್ ಸೆಟ್ಟಿಂಗ್ಸ್ ಪೇಜಿಗೆ ಹೋಗಿ ಎರಡಕ್ಕೂ ಬೇರೆ ಬೇರೆ ಹೆಸರಿಟ್ರೆ, ಕೊನೇಪಕ್ಷ ಟೆಸ್ಟ್ ಮಾಡೋವಾಗ ಯಾವುದ್ರಲ್ಲಿದೀವಿ ಅಂತ ಗೊತ್ತಿರತ್ತೆ. ರಿಪೀಟರ್ (ವೈಫೈನ ದೂರದ ರೂಮಿಗೆ ಮುಟ್ಟಿಸೋ ಡಬ್ಬಿ) ಹಾಕಿದ್ರಂತೂ ಕೇಳ್ಲೇಬೇಡಿ, ಒಂದೇ ರೇಡಿಯೋ ಇರೋ ರಿಪೀಟರು ಕೇಳಿಸ್ಕೊಂಡಿದ್ದನ್ನೇ ಮತ್ತೆ ಹೇಳ್ಬೇಕು, ಅದೇ ಮೈಕಲ್ಲಿ, ಅಲ್ಲಿಗೆ ಅರ್ಧ ಸ್ಪೀಡು ಅಲ್ಲೇ ಹೋಯ್ತು.

ಸರಿ, ಸ್ಪೀಡ್ 180 ಆಯ್ತು. ಆದ್ರೆ ನಿಜ ಹೇಳ್ಬೇಕು ಅಂದ್ರೆ ಭಾವನ ವಿಡಿಯೋ ಕಾಲಿಗೆ 34 ಏನು, ನಾಲ್ಕೈದು ಎಂಬಿಪಿಎಸ್ ಸಾಕು. ಮತ್ತೆ ಫ್ರೀಝ್ ಯಾಕಾಗ್ತಿತ್ತು? ಇಲ್ಲಿ ನಾನೂ ಸ್ವಲ್ಪ ಹೊತ್ತು ತಲೆ ಕೆರ್ಕೊಂಡೆ. ಟೆಸ್ಟ್ ಆಪಲ್ಲಿ ದೊಡ್ಡ ನಂಬರ್ ಕೆಳಗೆ ಸಣ್ಣದಾಗಿ ಪಿಂಗ್ ಅಂತ, ಅಂದ್ರೆ ಒಂದು ಪ್ಯಾಕೆಟ್ ಹೋಗಿಬರೋಕೆ ಎಷ್ಟು ಹೊತ್ತು ಅಂತ, ಮಿಲಿಸೆಕೆಂಡ್ ಲೆಕ್ಕ ಇರತ್ತೆ, ಸುಮ್ನಿರೋವಾಗ ಎಷ್ಟು, ಡೌನ್‌ಲೋಡ್ ಆಗೋವಾಗ ಎಷ್ಟು, ಅಪ್‌ಲೋಡ್ ಆಗೋವಾಗ ಎಷ್ಟು ಅಂತ. ಯಾರೂ ನೋಡಲ್ಲ. ಭಾವನ ಫೋನಲ್ಲಿ ಅದು 400 ದಾಟಿತ್ತು. ನೋಡಿದ್ರೆ ಅವ್ರು ಹಿಂದಿನ ದಿನ ಮದುವೆ ಮುಗಿಸ್ಕೊಂಡು ಬಂದಿದ್ರು, ಫೋನ್ ತುಂಬಾ ವಿಡಿಯೋ, ಫೋಟೋ ಬ್ಯಾಕಪ್ಪು "ವೈಫೈ ಇದ್ರೆ ಮಾತ್ರ" ಅಂತ ಸೆಟ್ ಆಗಿತ್ತು. ನಮ್ಮನೆ ವೈಫೈ ಸಿಕ್ಕಿದ್ದೇ ತಡ ಅದು ಒಂದೇ ಸಮ ಅಪ್‌ಲೋಡ್ ಮಾಡೋಕೆ ಕೂತಿತ್ತು. ಮೈಕ್ ಅದ್ರ ಕೈಲಿ. ಕಾಲಿನ ಪ್ಯಾಕೆಟ್ಟುಗಳು ಆ ವಿಡಿಯೋಗಳ ಹಿಂದೆ ಕ್ಯೂ ನಿಂತಿದ್ವು.

ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರು, ಜಿಮ್ ಗೆಟ್ಟಿಸ್ ಅನ್ನೋ ಇಂಜಿನಿಯರ್ 2010ರ ಸುಮಾರಿಗೆ ಈ ಹೆಸರನ್ನ ಚಾಲ್ತಿಗೆ ತಂದ್ರು. ರೌಟರಲ್ಲಿ, ಮೋಡೆಮ್ಮಲ್ಲಿ ಮೆಮೊರಿ ಅಗ್ಗ ಆಯ್ತು, ಒಂದು ಪ್ಯಾಕೆಟ್ಟೂ ಬಿಸಾಕೋದು ಬೇಡ ಅಂತ ಉದ್ದುದ್ದ ಕ್ಯೂ ಇಟ್ರು, ಪ್ಯಾಕೆಟ್ ಕಳೆಯಲ್ಲ ನಿಜ, ಆದ್ರೆ ಅರ್ಧ ಸೆಕೆಂಡ್ ತಡವಾಗಿ ಬರೋ ಮಾತನ್ನ ತಗೊಂಡು ಏನ್ ಮಾಡೋದು. ಇನ್ನೊಂದು ತಮಾಷೆ, ಡೌನ್‌ಲೋಡ್ ಆಗೋವಾಗ ನಿಮ್ಮ ಫೋನು "ಇಷ್ಟು ಬಂತು, ಮುಂದೆ ಕಳ್ಸು" ಅಂತ ರಸೀದಿ ವಾಪಸ್ ಕಳಿಸ್ತಾನೇ ಇರ್ಬೇಕು, ಆ ರಸೀದೀನೂ ಅಪ್‌ಲೋಡ್ ಕ್ಯೂನಲ್ಲೇ ನಿಲ್ಲತ್ತೆ. ಹಾಗಾಗಿ ಅಪ್‌ಲೋಡ್ ತುಂಬಿದ್ರೆ ಡೌನ್‌ಲೋಡ್ ನಂಬರೂ ಬೀಳತ್ತೆ. ಮನೇಲಿ ಕ್ಲೌಡಿಗೆ ರೆಕಾರ್ಡ್ ಮಾಡೋ ಸಿಸಿಟಿವಿ ಇದ್ರೆ ಇದನ್ನ ನೆನಪಿಟ್ಕೊಳಿ. ರೌಟರಲ್ಲಿ ಎಸ್‌ಕ್ಯೂಎಂ ಅಥವಾ ಎಫ್‌ಕ್ಯೂ-ಕೋಡೆಲ್ ಅನ್ನೋ ಆಯ್ಕೆ ಇದ್ರೆ ಅದು ಕ್ಯೂ ಉದ್ದ ಆಗೋಕೆ ಬಿಡಲ್ಲ. ಇಲ್ಲಾಂದ್ರೆ ಬ್ಯಾಕಪ್ಪನ್ನ ರಾತ್ರಿ ಹಾಕ್ಕೊಳಿ. ಭಾವಂಗೆ ನಾನು ಬ್ಯಾಕಪ್ ಪಾಝ್ ಮಾಡಿ ಕೊಟ್ಟೆ, ಮಗಳ ಮುಖ ಸರಿಯಾಯ್ತು, ಅವ್ರು ಮಾತ್ರ ಇವತ್ತಿಗೂ ವೈಫೈ ಆಫ್ ಆನ್ ಮಾಡಿದ್ದಕ್ಕೇ ಸರಿಯಾಗಿದ್ದು ಅಂತಾರೆ.

ಇನ್ನು ಬೇರೆ ಬೇರೆ ಆಪಲ್ಲಿ ಬೇರೆ ಬೇರೆ ಬರೋದು. ಊಕ್ಲಾದ ಸ್ಪೀಡ್‌ಟೆಸ್ಟು ಹತ್ತಿರದ, ಪಿಂಗ್ ಕಮ್ಮಿ ಇರೋ ಸರ್ವರ್ ಆರ್ಸ್ಕೊಳತ್ತೆ, ಎಷ್ಟೋ ಸಲ ಅದು ನಿಮ್ಮ ನೆಟ್‌ನವ್ರ ಆಫೀಸಲ್ಲೇ ಇರತ್ತೆ, ಅಂದ್ರೆ ಟೆಸ್ಟು ಅವ್ರ ಕಾಂಪೌಂಡೇ ದಾಟಲ್ಲ. 2016ರಲ್ಲಿ ಬಂದ ಫಾಸ್ಟ್ ಡಾಟ್ ಕಾಮು ನೆಟ್‌ಫ್ಲಿಕ್ಸಿನ ಸರ್ವರಿಂದ ಎಳೆಯತ್ತೆ. ಎಂ-ಲ್ಯಾಬ್ ಅನ್ನೋ ಇನ್ನೊಂದು ಕಡೆಯ ಟೆಸ್ಟು ಒಂದೇ ಕನೆಕ್ಷನ್ ತೆಗ್ದು ಮಾಡತ್ತೆ, ಊಕ್ಲಾ ಒಟ್ಟಿಗೆ ಹಲವಾರು ತೆಗೆಯತ್ತೆ. ಒಂದಕ್ಕೂ ಹಲವಕ್ಕೂ ಏನ್ ವ್ಯತ್ಯಾಸ? ಒಂದೇ ಟ್ಯಾಂಕರ್ ಲಾರಿ ನೀರು ತರ್ತಿದೆ ಅನ್ಕೊಳಿ, ಒಂದ್ ಲೋಡ್ ಹಾಕಿ, ವಾಪಸ್ ಹೋಗಿ, ಮತ್ತೆ ತರ್ಬೇಕು. ಕೆರೆ ದೂರ ಇದ್ದಷ್ಟೂ ದಿನಕ್ಕೆ ಸಿಗೋ ಲೋಡ್ ಕಮ್ಮಿ, ರಸ್ತೆ ಎಷ್ಟೇ ಅಗಲ ಇರ್ಲಿ. ಲೆಕ್ಕದಲ್ಲಿ ಹೇಳೋದಾದ್ರೆ, ರಸೀದಿ ಬರೋ ಮುಂಚೆ 64 ಕಿಲೋಬೈಟ್ ಮಾತ್ರ ಕಳಿಸ್ಬೋದು ಅಂತಿದ್ರೆ, ಹೋಗಿಬರೋಕೆ 10 ಮಿಲಿಸೆಕೆಂಡ್ ಆಗೋ ಸರ್ವರಿಂದ 52 ಎಂಬಿಪಿಎಸ್ ಸಿಗತ್ತೆ, 100 ಮಿಲಿಸೆಕೆಂಡಿನ ಸರ್ವರಿಂದ ಬರೀ 5. ಈಗಿನ ಕಂಪ್ಯೂಟರುಗಳು ಲೋಡ್ ಗಾತ್ರನ ತಾವೇ ದೊಡ್ಡದು ಮಾಡ್ಕೋತಾವೆ, ಆದ್ರೆ ದಾರೀಲಿ ಒಂದು ಪ್ಯಾಕೆಟ್ ಕಳೆದ್ರೂ ಹೆದರಿ ಮತ್ತೆ ಸಣ್ಣದು ಮಾಡ್ಕೊಳ್ಳೋದೇ ಹೆಚ್ಚು. ಹತ್ತು ಲಾರಿ ಬಿಟ್ರೆ ಒಂದು ತಡವಾದ್ರೂ ಒಂಬತ್ತು ಓಡ್ತಿರತ್ತೆ. ಅದಕ್ಕೇ ಊಕ್ಲಾದಲ್ಲಿ 200, ಒಂಟಿ ಕನೆಕ್ಷನ್ ಟೆಸ್ಟಲ್ಲಿ 90 ಬಂದ್ರೆ ಯಾರೂ ಸುಳ್ಳು ಹೇಳ್ತಿಲ್ಲ. ಇವತ್ತಿನ ಟೆಸ್ಟನ್ನ ನಿನ್ನೇದಕ್ಕೆ ಹೋಲಿಸ್ಬೇಕಾದ್ರೆ ಅದೇ ಆಪು, ಅದೇ ಸರ್ವರು ಇರ್ಲಿ, ಇಲ್ಲಾಂದ್ರೆ ಹೋಲಿಸೋದ್ರಲ್ಲಿ ಅರ್ಥ ಇಲ್ಲ.

ಸಣ್ಣಪುಟ್ಟವು ಇನ್ನೂ ಇವೆ: ವಿಪಿಎನ್ ಆನ್ ಇರೋದು, ಲ್ಯಾಪ್‌ಟಾಪ್ ಬ್ಯಾಟರಿ ಸೇವರಲ್ಲಿರೋದು, ರೌಟರಲ್ಲಿ ಪೇರೆಂಟಲ್ ಕಂಟ್ರೋಲು ಟ್ರಾಫಿಕ್ ಮೀಟರು ಎಲ್ಲ ಹಾಕಿ ಅದ್ರ ಪುಟಾಣಿ ಪ್ರೊಸೆಸರಿಗೆ ಏದುಸಿರು ಬರೋ ಹಾಗೆ ಮಾಡಿರೋದು, ತಿಂಗಳ ಕೊನೇಲಿ ಎಫ್‌ಯುಪಿ, ಅಂದ್ರೆ ಪೂರ್ತಿ ಸ್ಪೀಡಲ್ಲಿ ಸಿಗೋ ಡೇಟಾ ಮಿತಿ, ಮುಗಿದಿರೋದು (ಅನ್‌ಲಿಮಿಟೆಡ್ ಅಂತ ಹೇಳಿ 3300 ಜಿಬಿ ಆದ್ಮೇಲೆ ಸ್ಪೀಡ್ ಇಳಿಸೋ ಪ್ಲಾನುಗಳು ಬೇಕಾದಷ್ಟಿವೆ).

ಎಲ್ಲ ಸರಿಮಾಡಿದ್ಮೇಲೂ ಒಂದು ಉಳಿತು, ರಾತ್ರಿ. ಒಂಬತ್ತು ಗಂಟೆ ಮೇಲೆ ಸ್ಪೀಡು ಇಳಿಯತ್ತೆ. ಇಲ್ಲಿ ವೈಫೈ ಬಿಟ್ಟು ಕೇಬಲಲ್ಲೇ ಟೆಸ್ಟ್ ಮಾಡ್ಬೇಕು, ಇಲ್ಲಾಂದ್ರೆ "ನಿಮ್ ವೈಫೈ ಸಾರ್" ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. ಜೊತೆಗೆ ಇನ್ನೊಂದು ವಿಂಡೋಲಿ ರೌಟರಿಗೇ ಪಿಂಗ್ ಹಾಕಿಡಿ, ಸಾಮಾನ್ಯವಾಗಿ 192.168.1.1 ಇರತ್ತೆ, ಕೇಬಲಲ್ಲಿ ಅದು 1 ಮಿಲಿಸೆಕೆಂಡ್ ಆಸುಪಾಸಲ್ಲಿ ಸ್ಥಿರವಾಗಿದ್ರೆ ಮನೆ ಒಳಗೆ ತೊಂದ್ರೆ ಇಲ್ಲ. ಇನ್ನು ಬೀದಿ. ಮನೆಗಳಿಗೆ ಬರೋ ಫೈಬರು ಹೆಚ್ಚಾಗಿ ಜಿಪಾನ್ ಅನ್ನೋ ಬಗೆಯದು, ಒಂದು ಎಳೆಯನ್ನ ಸ್ಪ್ಲಿಟರ್ ಹಾಕಿ 32 ಅಥವಾ 64 ಮನೆಗೆ ಹಂಚ್ತಾರೆ, ಆ ಎಳೇಲಿ ಒಟ್ಟು ಇಳಿಯೋದು 2,488 ಎಂಬಿಪಿಎಸ್. 32 ಮನೆಗೆ 200 ಅಂದ್ರೆ 6,400 ಮಾರಿರ್ತಾರೆ. ಇದು ಮೋಸ ಅಲ್ಲ, ಎಲ್ರೂ ಒಟ್ಟಿಗೆ ನಲ್ಲಿ ತಿರುಗ್ಸಲ್ಲ ಅನ್ನೋ ಲೆಕ್ಕ, ಐಪಿಎಲ್ ಇದ್ದ ರಾತ್ರಿ ಮಾತ್ರ ಆ ಲೆಕ್ಕ ಸ್ವಲ್ಪ ಎಡವತ್ತೆ. ರೌಟರ್ ಪೇಜಲ್ಲಿ ಆರ್‌ಎಕ್ಸ್ ಪವರ್ (ಫೈಬರಲ್ಲಿ ಬಂದು ಮುಟ್ಟೋ ಬೆಳಕಿನ ಬಲ) ಅಂತ ಇದ್ರೆ ಅದನ್ನೂ ಬರ್ಕೊಳಿ, ಮೈನಸ್ 27 ಡಿಬಿಎಂ ಹತ್ರ ಇದ್ರೆ ಫೈಬರ್ ಎಲ್ಲೋ ಮಡಚಿದೆ ಅಥವಾ ಜಾಯಿಂಟ್ ಕೊಳಕಾಗಿದೆ ಅಂತ ಅನುಮಾನ ಪಡ್ಬೋದು. ನಮ್ಮದು ಮೈನಸ್ 21 ಇತ್ತು, ಚೆನ್ನಾಗೇ ಇದೆ.

ರಾತ್ರಿ ಒಂಬತ್ತೂವರೆಗೆ ಊಕ್ಲಾದಲ್ಲಿ ಸರ್ವರ್ ನಾನೇ ಆರ್ಸ್ಕೊಂಡು ಎರಡು ಸಲ ಮಾಡ್ದೆ. ನೆಟ್‌ನವ್ರ ಸ್ವಂತ ಸರ್ವರಿಗೆ 204, ಚೆನ್ನೈಲಿರೋ ಬೇರೆ ಕಂಪನಿ ಸರ್ವರಿಗೆ 58. ಅಂದ್ರೆ ಬೀದಿ ಎಳೆ ತುಂಬಿಲ್ಲ, ತುಂಬಿದ್ರೆ ಎರಡೂ ಬೀಳ್ಬೇಕಿತ್ತು. ಅವ್ರ ಕಾಂಪೌಂಡಿಂದ ಆಚೆ ಹೋಗೋ ದಾರಿನೇ ರಾತ್ರಿ ಹೊತ್ತು ಸಾಕಾಗ್ತಿಲ್ಲ. ಐದು ದಿನ ಬೆಳಗ್ಗೆ ರಾತ್ರಿ ಎರಡೂ ಸರ್ವರಿಗೆ ಕೇಬಲಲ್ಲಿ ಟೆಸ್ಟ್ ಮಾಡಿ, ಸಮಯ ಹಾಕಿ, ಕಂಪ್ಲೇಂಟ್ ಕೊಟ್ಟು ಡಾಕೆಟ್ (ದೂರಿನ) ನಂಬರ್ ತಗೊಂಡೆ, ಆ ನಂಬರ್ ಇಲ್ದೇ ಹೋದ್ರೆ ಮುಂದೆ ಅವ್ರದ್ದೇ ಅಪೆಲೇಟ್ ಅಥಾರಿಟಿಗೆ (ಮೇಲ್ಮನವಿ ಕೇಳೋರು) ಹೋಗೋಕಾಗಲ್ಲ, ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನವ್ರು ಒಬ್ಬೊಬ್ಬರ ದೂರು ನೇರವಾಗಿ ವಿಚಾರಿಸಲ್ಲ. ಮಾರನೇ ದಿನ ಅದೇ ಹುಡುಗ ಬಂದ, ಬೆಳಗ್ಗೆ ಹನ್ನೊಂದು ಗಂಟೆಗೆ, ರೌಟರ್ ಪಕ್ಕ ನಿಂತು ಫೋನ್ ತೆಗೆದ. ಸ್ಕ್ರೀನ್‌ಶಾಟ್ ತೋರ್ಸಿ, ಸರ್ವರ್ ಬದ್ಲಾಯಿಸಿ ರಾತ್ರಿ ಒಂಬತ್ತೂವರೆಗೆ ನೋಡಪ್ಪ ಅಂದೆ. ಒಂದ್ ನಿಮಿಷ ನೋಡ್ದ, "ಇದು ನಮ್ ಲೆವೆಲ್ ಅಲ್ಲ ಸಾರ್, ಮೇಲೆ ಕಳಿಸ್ತೀನಿ" ಅಂದ. ಎರಡು ವಾರ ಆಯ್ತು, ಟಿಕೆಟ್ ಇನ್ನೂ ಓಪನ್ ಇದೆ, ನಿನ್ನೆ ರಾತ್ರಿ ಚೆನ್ನೈಗೆ 61 ಬಂತು.